ರಾಜಿಯಾದ ದಿನದ ಚಹಾ

ಮೊನ್ನೆ ಮಸ್ಕಿಯಿಂದ ಒಬ್ಬ ಎಳೆಯ ಮೇಷ್ಟ್ರು ಫೋನ್ ಮಾಡಿದ್ದರು. ಅಲ್ಲಿನ ಕಾಲೇಜೊಂದರಲ್ಲಿ ಹೊಸದಾಗಿ ಆಟದ ಮೇಷ್ಟ್ರಾಗಿ ಸೇರಿದವರು, ನನ್ನ ಅರ್ಧ ವಯಸ್ಸಿನವರು.

“ಮೇಡಂ, ವಾಲಿಬಾಲ್ ಆಡಾಂವ ಒಬ್ಬ ಹುಡುಗ ಬಂದಾನ್ರಿ. ಆಟ ಅಂದ್ರ ಆಟ. ಆದ್ರ ಹಿಂದಿನ ಕಾಲೇಜಿನ್ಯಾಗ ಹೊಡದಾಟ ಮಾಡಿ ಒಬ್ಬನ ತಲಿ ಒಡದಾನಂತ. ಟೀಮಿಗೆ ತಗೊಳ್ಳಲೇನ್ರಿ, ಬ್ಯಾಡೇನ್ರಿ?”

“ನಿಮಗ ಗೆಲ್ಲೋ ಆಸೆ ಎಷ್ಟೈತಿ? ಮೊದಲು ಅದನ್ನ ಹೇಳ್ರಿ,” ಅಂದೆ.

ಅವರು ನಕ್ಕರು. ನಾನು ನಗಲಿಲ್ಲ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು. ಸಂಜೆ ಮಾತಾಡೋಣ ಎಂದು ಫೋನ್ ಇಟ್ಟೆ. ಅಷ್ಟರಲ್ಲಿ ಹಳೆಯದೆಲ್ಲ ಎದ್ದು ಬಂದಿತ್ತು.

ನಾನು ಸಿಂಧನೂರಿನ ಒಂದು ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಆಡಿಸುವವಳು. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ನಾನು ಊದುವ ಸೀಟಿಗಿಂತ ನನ್ನ ದನಿಗೇ ಹುಡುಗಿಯರು ಹೆಚ್ಚು ಹೆದರುತ್ತಾರೆ. ನಮ್ಮ ಮೈದಾನ ಎರೆ ಮಣ್ಣಿನದು. ಮಳೆಯಾದರೆ ಕಾಲು ಕಿತ್ತಿಡಲಾಗದು, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕಿ ಹಿಮ್ಮಡಿ ಉಳುಕುತ್ತದೆ. ಪ್ರಿನ್ಸಿಪಾಲರ ಬೆನ್ನು ಬಿದ್ದು ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಿ, ಕೋರ್ಟು ಅಂತ ಒಂದನ್ನು ಮಾಡಿಕೊಂಡಿದ್ದೆ.

ಗೊರೇಬಾಳದಂಥ ಹಳ್ಳಿಗಳಿಂದ, ಕಾಲುವೆ ದಂಡೆಯ ಕ್ಯಾಂಪು ಎಂಬ ಸಣ್ಣ ಊರುಗಳಿಂದ ಬರುವ ನನ್ನ ಹುಡುಗಿಯರು ಭತ್ತದ ನಾಟಿ ಮಾಡಿದವರು. ಸೊಂಟ ಗಟ್ಟಿ, ಹಿಡಿತ ಗಟ್ಟಿ. ಎದುರಾಳಿಯ ಕಾಲು ಹಿಡಿದರೆಂದರೆ ಬಿಡುವ ಮಾತೇ ಇಲ್ಲ. ಆದರೆ ಕಬಡ್ಡಿಯಲ್ಲಿ ಹಿಡಿದರಷ್ಟೇ ಸಾಲದು, ಎದುರಿನ ಅಂಕಣಕ್ಕೆ ಹೋಗಿ ಮುಟ್ಟಿ ಬರುವವಳೊಬ್ಬಳು ಬೇಕು. ಅಂಥ ರೇಡರ್ ನಮ್ಮಲ್ಲಿರಲಿಲ್ಲ. ಪ್ರತಿ ವರ್ಷ ಮೊದಲ ಪಂದ್ಯದಲ್ಲೇ ಸೋತು, ದಾರಿಯಲ್ಲಿ ಮಿರ್ಚಿ ತಿಂದು ವಾಪಸಾಗುತ್ತಿದ್ದೆವು. “ಬಂದ್ರೇನ್ರಿ ಮೇಡಂ, ಜಲ್ದಿ ಬಂದ್ರಿ ಈ ಸಲಾನೂ,” ಎಂದು ಆಫೀಸಿನ ಗುಮಾಸ್ತರು ಹಲ್ಲು ಕಿರಿಯುತ್ತಿದ್ದರು. ಮೈ ಉರಿದುಹೋಗುತ್ತಿತ್ತು ನನಗೆ.

ಹಾಗಿರುವಾಗ ಒಂದು ಜೂನ್ ತಿಂಗಳಲ್ಲಿ ಸಂತೆಕಲ್ಲೂರಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ಲಿಂಗಸುಗೂರಿನ ಕಾಲೇಜು ಬಿಟ್ಟು ನಮ್ಮಲ್ಲಿ ಎರಡನೇ ವರ್ಷಕ್ಕೆ ಸೇರುವವಳಿದ್ದಳು. ಉದ್ದ ಕಾಲು, ಸಣ್ಣ ಸೊಂಟ, ನಿಂತಲ್ಲಿ ನಿಲ್ಲದ ಪಾದ. ನೋಡಿದೊಡನೆ ನನ್ನ ಕಣ್ಣು ಅವಳ ಪಾದದ ಮೇಲೇ ನೆಟ್ಟಿತು. ಆಮೇಲೆ ಟಿ.ಸಿ. ನೋಡಿದೆ. ನಡತೆ ಎಂಬಲ್ಲಿ “ತೃಪ್ತಿಕರ” ಎಂದಿತ್ತು. ಯಾವ ಕಾಲೇಜಿನವರೂ ಆ ಜಾಗದಲ್ಲಿ ಕೆಟ್ಟದ್ದು ಬರೆಯುವುದಿಲ್ಲ. ಆದರೂ ಎಲ್ಲರಿಗೂ “ಉತ್ತಮ” ಎಂದು ಬರೆಯುವವರು ಇವಳಿಗೊಬ್ಬಳಿಗೆ ಹೀಗೇಕೆ ಬರೆದರು ಎಂದು ಲಿಂಗಸುಗೂರಿನ ಆಟದ ಮೇಷ್ಟ್ರಿಗೆ ಫೋನ್ ಮಾಡಿದೆ.

“ರೇಡರ್ ಅಂತೂ ಬೆಂಕಿ ಅದಾಳ್ರಿ ಮೇಡಂ,” ಅಂದರು ಅವರು. “ಆದ್ರ ಹಾಸ್ಟೆಲಿಗೆ ಬಂದಿದ್ದ ನಮ್ಮ ಕ್ಯಾಪ್ಟನ್ ಹುಡುಗಿ ಜೋಡಿ ಜಗಳಾಡಿ, ಕಬ್ಬಿಣದ ಬಾಗಿಲಾ ಬಡದ್ಲು. ಆ ಹುಡುಗಿ ಕೈ ಸಿಕ್ತು. ಎರಡು ಬೆರಳು ಹೋದುವು. ಅದಾವ, ಆದ್ರ ಮಡಚಾಂಗಿಲ್ಲ.”

ಕ್ಯಾಪ್ಟನ್ ಹುಡುಗಿ ಮೂಲೆಯಲ್ಲಿ ನಿಂತು ಕಾಲು ಹಿಡಿಯುವವಳಂತೆ. ಮಡಚದ ಬೆರಳಿನಿಂದ ಯಾರ ಕಾಲು ಹಿಡಿದಾಳು?

ಹುಡುಗಿಯ ಅಪ್ಪ ಇದಕ್ಕೆಲ್ಲ ತಯಾರಾಗಿಯೇ ಬಂದಿದ್ದರು. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಬಾಂಡ್ ಪೇಪರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. “ರಾಜಿ ಆಗೈತ್ರಿ ಮೇಡಮ್ಮಾರ. ಎರಡೂ ಕಡಿ ಹಿರ್‍ಯಾರು ಕುಂತು ಮಾಡ್ಯಾರ. ದವಾಖಾನಿದೆಲ್ಲ ನಾವ ನೋಡ್ಕೊಂಡೀವಿ. ಅಪ್ಪಿಕೊಂಡು ಚಾ ಕುಡದು ಎದ್ದೀವಿ.” ಕಾಗದದಲ್ಲಿ ಘಟನೆ “ಆಕಸ್ಮಿಕ” ಎಂದಿತ್ತು. ಕೆಳಗೆ ಹಿರಿಯರ ಸಹಿಗಳು, ಎರಡು ಹೆಬ್ಬೆಟ್ಟು.

ನಮ್ಮ ಕಡೆ ರಾಜಿ ಎಂದರೆ ಹೀಗೆಯೇ. ಹೊಲದ ಬದುವಿನ ಜಗಳವಿರಲಿ, ಮದುವೆ ಮುರಿದದ್ದಿರಲಿ, ಠಾಣೆಗೆ ಹೋದದ್ದೂ ಕೊನೆಗೆ ಯಾರದೋ ಪಡಸಾಲೆಗೆ ಬರುತ್ತದೆ. ಹಿರಿಯರು ಚಾಪೆಯ ಮೇಲೆ ಕೂರುತ್ತಾರೆ, ಎರಡು ಕಡೆಯವರಿಗೂ ಬೈಯುತ್ತಾರೆ, ಬರೆಸುತ್ತಾರೆ, ಅಪ್ಪಿಕೊಳ್ಳಿ ಅನ್ನುತ್ತಾರೆ. ಸಕ್ಕರೆ ಮುಂದಾದ ಚಹಾ ಬರುತ್ತದೆ. ಅದನ್ನು ಕುಡಿದ ಮೇಲೆ ಆ ಮಾತು ಎತ್ತಿದವನೇ ಕೆಟ್ಟವನು. ನಮ್ಮ ತವರಿನ ಪಡಸಾಲೆಯಲ್ಲೂ ಅಂಥ ಚಹಾ ಎಷ್ಟು ಸಲ ಕುದಿದಿದೆಯೋ. ಅದರಿಂದ ಕೊಲೆಗಳು ತಪ್ಪಿದ್ದನ್ನು ನಾನೇ ಕಂಡಿದ್ದೇನೆ, ಹಾಗಾಗಿ ಅದನ್ನು ಹಗುರವಾಗಿ ಮಾತಾಡಲಾರೆ.

“ರಾಜಿ ಆಗೈತಲ್ರೀ ಮತ್ತ? ಮುಗೀತು,” ಅಂದರು ನಮ್ಮ ಪ್ರಿನ್ಸಿಪಾಲರು. ಮುಗೀತು ಎಂದು ನಾನೂ ಅಂದುಕೊಂಡೆ. ಒಬ್ಬರು ಮಾತ್ರ ಒಪ್ಪಲಿಲ್ಲ, ನಮ್ಮ ಲೈಬ್ರರಿ ಮೇಡಂ. ದಿನಾ ಮಧ್ಯಾಹ್ನ ಅವರ ಜೊತೆಯೇ ನನ್ನ ಊಟ.

“ಆಕಿಗೆ ಸೀಟು ಕೊಡೋದು ಬ್ಯಾರೆ, ಜರ್ಸಿ ಕೊಡೋದು ಬ್ಯಾರೆ,” ಅಂದರು ರೊಟ್ಟಿ ಮುರಿಯುತ್ತ. “ಓದಬ್ಯಾಡ ಅಂತ ಯಾರಿಗೂ ಅನಬಾರದು. ಆದ್ರ ಜರ್ಸಿ ಅಂದ್ರ ಕಾಲೇಜಿನ ಹೆಸರು ಬೆನ್ನ ಮ್ಯಾಲ ಹಾಕ್ಕೊಂಡು ಚಪ್ಪಾಳೆ ಹೊಡಸ್ಕೊಳ್ಳೋದು. ಆ ಬೆರಳು ಹೋದ ಹುಡುಗಿ ಆ ಚಪ್ಪಾಳೆ ಕೇಳಿದ್ರ ಹೆಂಗನಸ್ತದ?”

“ಹತ್ತೊಂಬತ್ತು ವರ್ಷದ ಹುಡುಗಿ. ಒಂದು ತಪ್ಪಿಗೆ ಜನ್ಮಪೂರ್ತಿ ಮೂಲ್ಯಾಗ ಕುಂದರಸಬೇಕೇನ್ರಿ?” ಎಂದು ನಾನು ಏರಿಹೋದೆ. ದೊಡ್ಡ ದೊಡ್ಡ ಮಾತಾಡಿದೆ. ಆಟ ಮನುಷ್ಯರನ್ನು ತಿದ್ದುತ್ತದೆ, ಸಿಟ್ಟಿಗೊಂದು ದಾರಿ ತೋರಿಸುತ್ತದೆ ಎಂದೆಲ್ಲ. ಅವೇನು ಸುಳ್ಳಲ್ಲ, ಇವತ್ತಿಗೂ ನಂಬುತ್ತೇನೆ. ಆದರೆ ಅವತ್ತು ಆ ಮಾತುಗಳ ಹಿಂದೆ ಇದ್ದದ್ದು ಗುಮಾಸ್ತರ ಹಲ್ಲು. ನನಗೆ ಗೆಲ್ಲಬೇಕಿತ್ತು. ಆ ಹುಡುಗಿ ಕೆಟ್ಟದಾಗಿ ಆಡುವವಳಾಗಿದ್ದರೆ ನಾನು ಇಷ್ಟು ದೊಡ್ಡ ಮನಸ್ಸು ಮಾಡುತ್ತಿದ್ದೆನೇ? ಇಲ್ಲ.

ತಗೊಂಡೆ. ಅವಳ ಆಟ ನೋಡಿದವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಒಂದೇ ದಮ್ಮಿನಲ್ಲಿ ಇಬ್ಬರನ್ನು ಮುಟ್ಟಿ, ಹಿಡಿಯಲು ಬಂದ ಮೂರನೆಯವಳ ತೋಳಿನ ಕೆಳಗೆ ನುಸುಳಿ ಬರುತ್ತಿದ್ದಳು. ಕೋರ್ಟಿನಲ್ಲಿ ಒಮ್ಮೆಯೂ ಸಿಟ್ಟು ಮಾಡಲಿಲ್ಲ. ಯಾರಾದರೂ ಬೇಕೆಂದೇ ಕೂದಲು ಎಳೆದರೂ ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದಳು, ಅಷ್ಟೇ. ಉಳಿದ ಹುಡುಗಿಯರಿಗೆ ವಿಷಯ ಗೊತ್ತಾಗಿತ್ತು. ಮೊದಮೊದಲು ಅವಳ ಪಕ್ಕ ಕೂರುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಡಬ್ಬಿಯಿಂದಲೇ ಶೇಂಗಾ ಚಟ್ನಿ ಕದ್ದು ತಿನ್ನುವಷ್ಟು ಸಲಿಗೆಯಾಯಿತು. ನೋಡಿದಿರಾ ಲೈಬ್ರರಿ ಮೇಡಂ ಎಂದು ನಾನು ಎದೆಯುಬ್ಬಿಸಿ ತಿರುಗುತ್ತಿದ್ದೆ.

ಒಂದು ಸಂಗತಿ ಮಾತ್ರ ನನ್ನ ಕಣ್ಣಿಗೆ ತಡವಾಗಿ ಬಿತ್ತು. ಅವಳು ಬಾಗಿಲು ಮುಚ್ಚುತ್ತಿರಲಿಲ್ಲ. ಕ್ಲಾಸಿನದು, ಬಟ್ಟೆ ಬದಲಿಸುವ ಕೋಣೆಯದು, ಯಾವುದೂ. ಎಲ್ಲರೂ ಹೊರಗೆ ಬರುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕೊನೆಗೆ ಬಂದು, ಹಾಗೇ ತೆರೆದು ಬಿಟ್ಟು ಹೋಗುತ್ತಿದ್ದಳು.

ಅಂತರಕಾಲೇಜು ಪಂದ್ಯಕ್ಕೆ ಒಂದು ವಾರವಿತ್ತು. ಅದು ನಡೆಯುವುದು ಲಿಂಗಸುಗೂರಿನಲ್ಲೇ ಎಂದು ಗೊತ್ತಾಗಿತ್ತು. ಅಭ್ಯಾಸದ ಪಂದ್ಯವೆಂದು ಮಸ್ಕಿಗೆ ಹೋಗಿ ಗೆದ್ದು, ಎಲ್ಲರೂ ಬಾಡಿಗೆಯ ಕ್ರೂಸರ್ ಗಾಡಿ ಹತ್ತಿ ಕುಳಿತಿದ್ದೆವು. ಬಾಗಿಲ ಪಕ್ಕ ಅವಳೇ ಇದ್ದಳು. “ಬಾಗಿಲಾ ಹಾಕವ್ವಾ,” ಎಂದ ಡ್ರೈವರ್. ಅವಳು ಕೈ ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು.

“ಏನಬೇ, ಬಾಗಿಲಾ ಹಾಕಾಕೂ ಆಳು ಬೇಕೇನು ನಿನಗ?” ಎಂದು ನಾನು ಗದರಿದೆ.

ಅವಳ ಕಣ್ಣು ತುಂಬಿತು. ಇನ್ನೊಬ್ಬ ಹುಡುಗಿ ಬಗ್ಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಮುಂದೆ ಹುಡುಗಿಯರು ಮಿರ್ಚಿಗೆಂದು ಇಳಿದಾಗ ಅವಳು ಇಳಿಯಲಿಲ್ಲ. ನಾನೂ ಇಳಿಯಲಿಲ್ಲ.

“ಬಾಗಿಲಾ ಹಾಕೋದು ಬಿಟ್ಟೀನ್ರಿ ಮೇಡಂ,” ಅಂದಳು. “ಆವತ್ತ ಆಕಿ ಕೈ ಬಾಗಿಲ ಸಂದಿನ್ಯಾಗ ಇತ್ರಿ. ನಾ ನೋಡಿದ್ದೆ. ನೋಡೇ ಬಡದೆ.”

“ಆಕಸ್ಮಿಕ ಅಂತ ಬರದಾರಲ್ಲ?”

“ಅದು ಅಪ್ಪ ಬರಸಿದ್ದು ರೀ. ನನ್ನ ಯಾರೂ ಕೇಳಲೇ ಇಲ್ರಿ.”

ಕಪಾಳಕ್ಕೆ ಬಿಗಿಯಬೇಕು ಅನಿಸಿತು. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಆ ಕ್ಷಣದಲ್ಲಿ ನನ್ನ ತಲೆಗೆ ಮೊದಲು ಬಂದದ್ದು ಆ ಇನ್ನೊಂದು ಹುಡುಗಿಯ ಬೆರಳಲ್ಲ. ಪಂದ್ಯಕ್ಕೆ ಒಂದೇ ವಾರ ಉಳಿದಿದೆಯಲ್ಲ, ಇವಳು ಈಗ ಯಾಕೆ ಹೇಳಿದಳು ಎಂಬುದು. ಆಮೇಲೆ ನಾಚಿಕೆಯಾಯಿತು. ಸಿಂಧನೂರು ಮುಟ್ಟುವವರೆಗೆ ಹುಡುಗಿಯರ ಹಾಡು ನಗೆ ನಡೆದೇ ಇತ್ತು, ನನಗೆ ಒಂದೂ ಕಿವಿಗೆ ಬೀಳಲಿಲ್ಲ.

ಮೂರು ದಿನ ಬಿಟ್ಟು, ಆಟಗಾರರ ಹೆಸರು ಕೊಟ್ಟು ಪಂದ್ಯದ ಪಟ್ಟಿ ಮಾಡುವ ಮೀಟಿಂಗಿಗೆ ಲಿಂಗಸುಗೂರಿಗೆ ಹೋದೆ. ಮೀಟಿಂಗ್ ಮುಗಿದ ಮೇಲೆ ಅಲ್ಲಿನ ಮೇಷ್ಟ್ರನ್ನು ಕೇಳಿಕೊಂಡು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಬೆರಳು ಹೋದ ಹುಡುಗಿಯ ಮನೆ ಹುಡುಕಿದೆ. ಯಾಕೆ ಹೋದೆ ಎಂದು ಸರಿಯಾಗಿ ಹೇಳಲಾರೆ. ಪ್ರಿನ್ಸಿಪಾಲರನ್ನು ಕೇಳಿದ್ದೆ, ಅಪ್ಪನನ್ನು ಕೇಳಿದ್ದೆ, ಅಲ್ಲಿನ ಮೇಷ್ಟ್ರನ್ನು ಕೇಳಿದ್ದೆ. ಪೆಟ್ಟು ತಿಂದವಳನ್ನು ಕೇಳಿರಲಿಲ್ಲ ಎನ್ನುವುದು ಅಷ್ಟು ದಿನವಾದ ಮೇಲೆ ಹೊಳೆದಿತ್ತು.

ಅವಳ ತಾಯಿ ಪಡಸಾಲೆಯಲ್ಲಿ ಮಷೀನಿನ ಮುಂದೆ ಕುಳಿತು ಕುಪ್ಪಸ ಹೊಲಿಯುತ್ತಿದ್ದರು. ಮಗಳು ಪಕ್ಕದಲ್ಲಿ ಎಡಗೈಯಲ್ಲಿ ಸೂಜಿ ಹಿಡಿದು ಹುಕ್ಕು ಹಚ್ಚುತ್ತಿದ್ದಳು. ಬಲಗೈಯ ನಡುವಿನ ಎರಡು ಬೆರಳು ನೆಟ್ಟಗೆ ನಿಂತಿದ್ದವು. ಬಂದ ಕಾರಣ ಹೇಳಿದೆ. ನಿಮ್ಮ ಊರಿಗೆ ಅವಳನ್ನು ಆಡಲು ಕರೆತರುತ್ತಿದ್ದೇನೆ, ನಿಮಗೆ ಹೇಳಬೇಕನಿಸಿತು ಎಂದೆ.

“ರಾಜಿ ಆಗೈತ್ರಿ ಮೇಡಂ, ನಮ್ದೇನೂ ಇಲ್ರಿ,” ಅಂದರು ತಾಯಿ ಮಷೀನು ನಿಲ್ಲಿಸದೆ. “ಈಕೀನೂ ನೋಡ್ಕೊಂಡು ನಿಂದರಬೇಕಿತ್ತಲ್ರಿ. ಬಾಗಿಲ ಸಂದಿನ್ಯಾಗ ಕೈ ಇಡ್ತಾರೇನ್ರಿ ಯಾರರ? ಎಷ್ಟು ಸಲ ಬೈದೀನಿ.”

ಮಗಳು ತಲೆ ಎತ್ತಲಿಲ್ಲ. ನಿಜ ನನ್ನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಅದು ನಾನು ಹೇಳುವ ಮಾತಲ್ಲ ಎಂದು ನುಂಗಿದೆನೋ, ಪಂದ್ಯ ಕೆಟ್ಟೀತು ಎಂದು ನುಂಗಿದೆನೋ, ಎರಡೂ ಇರಬೇಕು.

ಓಣಿಯ ತುದಿಯವರೆಗೆ ಕಳಿಸಿ ಬರುತ್ತೇನೆಂದು ಹುಡುಗಿ ನನ್ನ ಜೊತೆ ಬಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ ಬಾಯಿಬಿಟ್ಟಳು.

“ರಾಜಿ ನಮ್ಮ ಪಡಸಾಲಿನ್ಯಾಗ ಆತ್ರಿ ಮೇಡಂ. ಅಷ್ಟೂ ಮಂದಿಗೆ ಚಾ ನಾನ ಮಾಡಿದ್ದೆ. ಬಲಗೈಗೆ ಪಟ್ಟಿ ಇತ್ತು, ಎಡಗೈಲೆ ಸೋಸಿದ್ದೆ. ನಮ್ಮವ್ವ ಒಯ್ದು ಕೊಟ್ಳು. ಒಬ್ಬರರ ಒಳಗ ಬಂದು, ಏನಾಗಿತ್ತವ್ವ ಅಂತ ನನ್ನ ಕೇಳಲಿಲ್ರಿ. ಹೊರಗ ಚಾ ಚಲೋ ಆಗೈತಿ ಅಂದದ್ದು ಕೇಳಸ್ತು.”

ನಾನು ಹೆಜ್ಜೆ ನಿಧಾನ ಮಾಡಿದೆ.

“ಆಕಿ ನೋಡಿ ಬಡದ್ಲು ಅಂದ್ರ ನಮ್ಮವ್ವ ನಂಬಾಂಗಿಲ್ರಿ. ಕಾಗದದಾಗ ಆಕಸ್ಮಿಕ ಐತಿ, ಹಿರ್‍ಯಾರು ಸುಳ್ಳು ಬರಸ್ತಾರೇನು ಅಂತಾಳ. ದಿನಾ ನಂದ ತಪ್ಪು ಅಂತಾಳ್ರಿ. ಕೇಳಿ ಕೇಳಿ ನನಗೂ ಹಂಗ ಅನಸಾಕತ್ತೈತಿ. ನಾನ ಕೈ ಇಟ್ಟೆನೇನೋ ಅಂತ.” ಅವಳು ನಿಂತಳು. “ಆಕಿನ್ನ ಆಡಸ್ರಿ, ಬಿಡ್ರಿ. ಅದು ನಿಮಗ ಬಿಟ್ಟಿದ್ದು. ಖರೇ ಏನಾತು ಅಂತ ಒಬ್ಬರು ನಮ್ಮವ್ವನ ಮುಂದ ಹೇಳ್ಲಿ. ನನಗ ಅಷ್ಟ ಸಾಕು.”

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅತ್ತೆ. ತವರಿನ ಪಡಸಾಲೆಯಲ್ಲಿ ಕುದಿದ ಅಷ್ಟೂ ಚಹಾ ನೆನಪಾಯಿತು. ಅವುಗಳನ್ನು ಒಳಗೆ ಯಾರು ಸೋಸುತ್ತಿದ್ದರು ಎಂದು ನಾನು ಒಮ್ಮೆಯೂ ಇಣುಕಿ ನೋಡಿರಲಿಲ್ಲ.

ಪ್ರಿನ್ಸಿಪಾಲರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. “ಮುಗದ ಮಾತು ಕೆದಕಬ್ಯಾಡ್ರಿ ಮೇಡಂ. ಮತ್ತ ಕೇಸು ಗೀಸು ಅಂದ್ರ ಕಾಲೇಜಿನ ಹೆಸರು ಬರ್ತದ.” ಲೈಬ್ರರಿ ಮೇಡಂ, ನಾ ಹೇಳಿರಲಿಲ್ಲವೇ ಎಂದು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಸಂತೆಕಲ್ಲೂರಿನ ಹುಡುಗಿಯನ್ನು ಕೋರ್ಟಿನ ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದೆ. ಚಹಾ ಸೋಸಿದ್ದು, ತಾಯಿ ಬೈಯುವುದು, ಒಂದನ್ನೂ ಬಿಡಲಿಲ್ಲ.

“ನಾ ಹೇಳಿದ್ರ ಅವರು ಮತ್ತ ಕೇಸು ಹಾಕ್ತಾರೇನ್ರಿ?”

“ಹಾಕಬಹುದು.”

“ಅಪ್ಪ ಕಾಲೇಜ್ ಬಿಡಸ್ತಾನ್ರಿ.”

“ಬಿಡಸಬಹುದು.”

“ನೀವು ಏನಂತೀರಿ ಮೇಡಂ?”

ಹೋಗಿ ಹೇಳಿದರೆ ಮಾತ್ರ ಆಡಿಸುತ್ತೇನೆ ಎನ್ನಬಹುದಿತ್ತು. ಅಂದಿದ್ದರೆ ಅವಳು ಜರ್ಸಿಗಾಗಿ ಹೇಳಿದಂತಾಗುತ್ತಿತ್ತು, ಅದೂ ಇನ್ನೊಂದು ರಾಜಿಯೇ. ಹೇಳದೆಯೂ ಆಡು ಎಂದರೆ ನಾನೂ ಆ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದಂತೆ. “ನಿನ್ನ ಹೆಸರು ಪಟ್ಟಿನ್ಯಾಗ ಬರದು ಕೊಟ್ಟೀನಿ. ಅದನ್ನ ತಗ್ಯಾಂಗಿಲ್ಲ,” ಅಂದೆ. “ಉಳದದ್ದು ನೀನ ನೋಡವ್ವ. ನನಗ ತಿಳೀವಲ್ದು.” ಹುಡುಗಿಯರ ಮುಂದೆ ತಿಳಿಯದು ಎಂದು ನಾನು ಒಪ್ಪಿಕೊಂಡದ್ದು ಅದೇ ಮೊದಲು.

ಪಂದ್ಯದ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ. ಅವಳು ಆಡಿದಳು. ನಾವು ಎರಡು ಪಂದ್ಯ ಗೆದ್ದು ಸೆಮಿಫೈನಲ್ಲಿನಲ್ಲಿ ಸೋತೆವು. ಗುಮಾಸ್ತರು ಏನಂದರೋ ನೆನಪಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಕೇಸು ಯಾರೂ ಹಾಕಲಿಲ್ಲ. ಅವಳ ಅಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟರು, ಮಗಳು ಡಿಗ್ರಿ ಮುಗಿಸಿದ ದಿನವೂ ದೂರದಿಂದಲೇ ಕೈಮುಗಿದು ಹೋದರು. ಮಸ್ಕಿಯ ಮೇಷ್ಟ್ರಿಗೆ ಸಂಜೆ ಫೋನ್ ಮಾಡಿ, “ತಗೋರಿ, ಬಿಡ್ರಿ ಅಂತ ನಾ ಹೇಳಾಂಗಿಲ್ರಿ. ಆ ತಲಿ ಒಡಸ್ಕೊಂಡ ಹುಡುಗನ ಮನಿ ಎಲ್ಲೈತಿ, ಮೊದಲು ಅಲ್ಲಿಗೆ ಹೋಗಿ ಬರ್ರಿ,” ಅಂದೆ. ಅವರು “ಆತ್ರಿ,” ಅಂದರು. ಹೋದರೋ ಇಲ್ಲವೋ ತಿಳಿಯದು.

ಇನ್ನು ಪಂದ್ಯದ ದಿನದ ಬೆಳಿಗ್ಗೆಯದು. ಕ್ರೂಸರ್ ಲಿಂಗಸುಗೂರು ಮುಟ್ಟಿದಾಗ ಎಂಟು ಗಂಟೆಯೂ ಆಗಿರಲಿಲ್ಲ. ಸಂತೆಕಲ್ಲೂರಿನ ಹುಡುಗಿ, “ಮೇಡಂ, ಬಸ್ ಸ್ಟ್ಯಾಂಡಿನ ಹಿಂದ ಸ್ವಲ್ಪ ನಿಂದರಸ್ರಿ,” ಅಂದಳು. ಉಳಿದವರನ್ನು ಗಾಡಿಯಲ್ಲೇ ಬಿಟ್ಟು ನಾವಿಬ್ಬರೇ ಇಳಿದೆವು. ಜರ್ಸಿ ಕಾಣದಂತೆ ಅವಳು ಮೇಲೆ ಓಢಣಿ ಹೊದ್ದಿದ್ದಳು.

ಮನೆಯ ಬಾಗಿಲು ತೆರೆದೇ ಇತ್ತು. ತಾಯಿ ಮಷೀನಿನ ಮುಂದೆ, ಮಗಳು ಪಕ್ಕದಲ್ಲಿ, ನಾನು ಹಿಂದಿನ ಸಲ ಕಂಡಂತೆಯೇ. ಇವಳನ್ನು ನೋಡಿ ಮಗಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಾಯಿ ಏನೂ ಆಗದವರಂತೆ ಎದ್ದರು. “ಬರ್ರಿ ಬರ್ರಿ ಮೇಡಂ. ಕುಂದರವ್ವ. ಚಾ ಇಡ್ತೀನಿ.”

“ಚಾ ಬ್ಯಾಡ್ರಿ ಅವ್ವಾರ,” ಅಂದಳು ಇವಳು, ಹೊಸ್ತಿಲ ಆಚೆಯೇ ನಿಂತು. ಒಂದು ರೇಡಿಗೆ ಎಳೆದುಕೊಳ್ಳುವಷ್ಟು ಉಸಿರು ಎಳೆದುಕೊಂಡಳು. “ನಿಮ್ಮ ಮಗಳದು ತಪ್ಪಿಲ್ರಿ. ಆಕಿ ಕೈ ಅಲ್ಲಿತ್ತು ಅಂತ ನನಗ ಗೊತ್ತಿತ್ತು. ಗೊತ್ತಿದ್ದು, ನೋಡಿ, ಬೇಕಂತ ಬಡದೆ. ಕಾಗದದಾಗ ಬರದದ್ದು ಸುಳ್ಳು.”

ಮಷೀನಿನ ಚಕ್ರ ಇನ್ನೂ ತಾನಾಗಿ ಒಂದೆರಡು ಸುತ್ತು ತಿರುಗಿ ನಿಂತಿತು. ತಾಯಿ ನನ್ನನ್ನು ನೋಡಿದರು. ನಾನು ಹೌದೆಂದು ಗೋಣು ಹಾಕಿದೆ. ಇವಳು ಮಾಫಿ ಕೇಳಲಿಲ್ಲ, ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಆ ಮನೆಯ ಮಗಳು ಇವಳ ಕಡೆ ತಿರುಗಿಯೂ ನೋಡಲಿಲ್ಲ. ಸೆರಗಿನೊಳಗಿಂದ ಕೈ ತೆಗೆದು, ನೆಟ್ಟಗೆ ನಿಂತ ಎರಡು ಬೆರಳನ್ನು ತಾಯಿಯ ಮುಂದೆ ಹಿಡಿದಳು.

“ಕೇಳಿದೇನಬೇ, ಯವ್ವಾ?” ಅಂದಳು.